ಮೂರು ವರ್ಷ ದಾಟಿದ ಮೊಲಗಳಲ್ಲಿ ಗಬ್ಬ ನಿಲ್ಲದಿರುವುದು: ಅನುಭವ ಹಂಚಿಕೆ

ಗಂಗಾವತಿ ತಾಲ್ಲೂಕಿನಿಂದ ಪ್ರಶ್ನೆ:

ನಮ್ಮಲ್ಲಿ ಎರಡು ನ್ಯೂಜಿಲೆಂಡ್ ವೈಟ್ ಹೆಣ್ಣು ಮೊಲಗಳಿದ್ದು, ಎರಡಕ್ಕೂ ಮೂರೂವರೆ ವರ್ಷವಾಗಿದೆ. ಒಂದು ಹಿಂದೆ ಚೆನ್ನಾಗಿ ಮರಿ ಹಾಕುತ್ತಿತ್ತು. ಇನ್ನೊಂದನ್ನು ಈ ವರ್ಷದವರೆಗೆ ಗಂಡಿನ ಜೊತೆ ಬಿಟ್ಟೇ ಇರಲಿಲ್ಲ. ಗಂಡಿಗೆ ನಾಲ್ಕು ವರ್ಷ. ಯುಗಾದಿಯಿಂದ ಈಚೆಗೆ ಮೂರು ನಾಲ್ಕು ದಿನಕ್ಕೊಮ್ಮೆ ಕೂಡಿಸುತ್ತಿದ್ದರೂ ಎರಡೂ ಗಬ್ಬ ನಿಂತಿಲ್ಲ. ವಯಸ್ಸಾಯಿತೆಂದು ಕೈಬಿಡಬೇಕೇ? ಸಾಕಿದವರು ದಯವಿಟ್ಟು ತಿಳಿಸಿ.

ಸಿರುಗುಪ್ಪದಿಂದ ಉತ್ತರ:

ಅಣ್ಣನವರೇ, ವಯಸ್ಸಿನ ಮೇಲೆ ತಪ್ಪು ಹೊರಿಸುವ ಮೊದಲು ತಾವು ಕೂಡಿಸಿದ ಕಾಲವನ್ನು ನೋಡಬೇಕು. ನಮ್ಮ ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲೆಗಳಲ್ಲಿ ಯುಗಾದಿಯಿಂದ ಮುಂಗಾರು ಹಿಡಿಯುವವರೆಗೆ ಮಧ್ಯಾಹ್ನದ ಬಿಸಿಲು 40 ಡಿಗ್ರಿ ಮುಟ್ಟುವುದು ಸಾಮಾನ್ಯ. ಗಂಡು ಮೊಲಕ್ಕಾದರೋ 30 ಡಿಗ್ರಿ ಮೀರಿದ ಸೆಕೆ ಬಿಡದೆ ತಗುಲಿದರೆ ಸಾಕು, ವೀರ್ಯದ ಗುಣ ಕುಸಿಯುತ್ತದೆ. ಅದು ಎಂದಿನಂತೆ ಹೆಣ್ಣಿನ ಮೇಲೆ ಏರುತ್ತದೆ, ಕೊನೆಗೆ ಸಣ್ಣಗೆ ಕಿರುಚಿ ಒಂದು ಬದಿಗೆ ಉರುಳಿ ಬೀಳುತ್ತದೆ, ನೋಡುವವರಿಗೆ ಎಲ್ಲವೂ ಸರಿಯಾಗಿ ನಡೆದಂತೆಯೇ ಕಾಣುತ್ತದೆ, ಆದರೆ ಗಬ್ಬ ನಿಲ್ಲುವುದಿಲ್ಲ. ಹೊಸ ವೀರ್ಯಾಣುಗಳು ತಯಾರಾಗಿ ಬರಲು ಏಳೆಂಟು ವಾರ ಬೇಕಾಗುವುದರಿಂದ, ಮಳೆ ಬಿದ್ದು ತಂಪಾದ ಮರುವಾರವೇ ಫಲವನ್ನು ನಿರೀಕ್ಷಿಸುವಂತಿಲ್ಲ. ವಯಸ್ಸಾದ ಗಂಡು ಎಳೆಯದಕ್ಕಿಂತ ನಿಧಾನವಾಗಿ ಸುಧಾರಿಸಿಕೊಳ್ಳುವುದನ್ನು ನಾನು ನಮ್ಮ ಶೆಡ್ಡಿನಲ್ಲಿ ಕಂಡಿದ್ದೇನೆ.

ತಾವು ಮೂರು ನಾಲ್ಕು ದಿನಕ್ಕೊಮ್ಮೆ ಕೂಡಿಸುತ್ತಿರುವುದನ್ನು ಮೊದಲು ನಿಲ್ಲಿಸಬೇಕು. ಮೊಲಕ್ಕೆ ಹಸು ಎಮ್ಮೆಗಳಂತೆ ಗೊತ್ತಾದ ದಿನಕ್ಕೆ ಬರುವ ಬೆದೆಯಿಲ್ಲ. ಕೂಡಿದ 10ರಿಂದ 12 ಗಂಟೆಗಳ ನಂತರವೇ ಅಂಡ ಬಿಡುಗಡೆಯಾಗುತ್ತದೆ. ಗಂಡಿನ ವೀರ್ಯದಲ್ಲಿ ಸತ್ವವಿಲ್ಲದಿದ್ದರೂ ಅಂಡ ಬಿಡುಗಡೆಯಾಗಿ, ಹೆಣ್ಣು ಸುಮಾರು 16ರಿಂದ 18 ದಿನ ಸುಳ್ಳು ಗಬ್ಬದಲ್ಲಿರುತ್ತದೆ, ಆ ಅವಧಿಯಲ್ಲಿ ಕೂಡಿಸಿದ್ದೆಲ್ಲ ವ್ಯರ್ಥ. 17ನೇ ದಿನದ ಸುಮಾರಿಗೆ ಅದು ಎದೆಯ ಕೂದಲನ್ನು ಕಿತ್ತು ಗೂಡು ಕಟ್ಟಲು ತೊಡಗಿದರೆ ಅದು ಸುಳ್ಳು ಗಬ್ಬವೆಂದೇ ತಿಳಿಯಬೇಕು. ನಿಜವಾದ ಗಬ್ಬದಲ್ಲಿ ಕೂದಲು ಕೀಳುವುದು 31 ದಿನ ತುಂಬುವ ಹೊತ್ತಿಗೆ. ಸುಳ್ಳು ಗಬ್ಬ ಮುಗಿದ ಮೇಲೆ ಹೆಣ್ಣಿನ ಜನನಾಂಗವನ್ನು ನೋಡಿ, ಬಿಳಿಚಿಕೊಂಡಿದ್ದರೆ ಬಿಡಿ, ಚೆನ್ನಾಗಿ ಕೆಂಪೇರಿದ್ದರೆ ಮಾತ್ರ ಗಂಡಿನ ಪಂಜರಕ್ಕೆ ಒಯ್ಯಿರಿ. ಗಂಡನ್ನು ಹೆಣ್ಣಿನ ಪಂಜರಕ್ಕೆ ಒಯ್ದರೆ ಕಚ್ಚಾಟವಾಗುತ್ತದೆ.

ನನ್ನ ಸಲಹೆಯೆಂದರೆ, ಹಿಂದೆ ಮರಿ ಹಾಕಿರುವ ಹೆಣ್ಣನ್ನು ಹವೆ ತಂಪಾದ ಮೇಲೆ, ಈಚೆಗೆ ಬೇರೆ ಹೆಣ್ಣಿಗೆ ಗಬ್ಬ ಕಟ್ಟಿಸಿರುವ ಎಳೆಯ ಗಂಡಿನ ಜೊತೆ ಕೂಡಿಸಿರಿ. ತೊಂದರೆ ಯಾವ ಕಡೆಯದೆಂದು ಅದರಿಂದಲೇ ಬಹುಮಟ್ಟಿಗೆ ತಿಳಿಯುತ್ತದೆ. ಅಲ್ಲಿಯವರೆಗೆ ತಗಡಿನ ಮೇಲೆ ಭತ್ತದ ಹುಲ್ಲು ಹೊದಿಸಿ, ಬಿಸಿಗಾಳಿ ಬರುವ ದಿಕ್ಕಿಗೆ ಒದ್ದೆ ಗೋಣಿಚೀಲ ಕಟ್ಟಿ, ಗಂಡನ್ನು ಕೆಳಸಾಲಿನ ಪಂಜರದಲ್ಲಿಡಿ. ಮೇಲಿನ ಸಾಲಿನಲ್ಲಿ ತಗಡಿನ ಕಾವು ನೇರವಾಗಿ ಬಡಿಯುತ್ತದೆ.

ಕೊಪ್ಪಳದಿಂದ ಉತ್ತರ:

ಮೇಲಿನ ಮಾತಿಗೆ ನನ್ನ ಒಪ್ಪಿಗೆಯಿದೆ, ಆದರೆ ಎರಡನೆಯ ಹೆಣ್ಣಿನ ವಿಷಯ ಬೇರೆ. ಐದಾರು ತಿಂಗಳಿಗೆ ಮೊದಲ ಗಬ್ಬ ಕಾಣಬೇಕಾದ ಜಾತಿ ಮೂರೂವರೆ ವರ್ಷ ಸುಮ್ಮನೆ ತಿಂದುಕೊಂಡಿದ್ದರೆ ಅಂಡಾಶಯದ ಸುತ್ತ ಕೊಬ್ಬು ಕಟ್ಟಿರುವ ಸಾಧ್ಯತೆ ಹೆಚ್ಚು. ಬೆನ್ನಿನ ಮೇಲೆ ಕೈಯಾಡಿಸಿ ನೋಡಿ. ಎಲುಬಿನ ಸಾಲು ಬೆರಳಿಗೆ ಸಿಗದೆ, ಗದ್ದದ ಕೆಳಗಿನ ಜೋಲು ದಪ್ಪನಾಗಿ ತೂಗುತ್ತಿದ್ದರೆ ಕೊಬ್ಬಿದೆಯೆಂದೇ ಅರ್ಥ. ವಯಸ್ಸಾದ ಮೇಲೆ ಸೊಂಟದ ಎಲುಬು ಕೂಡಿಕೊಂಡುಬಿಡುತ್ತದೆ ಎಂದು ಕೆಲವರು ಹೆದರಿಸುತ್ತಾರೆ. ಅದು ಗಿನಿಪಿಗ್‌ಗೆ ಹೇಳುವ ಮಾತು. ಮೊಲದಲ್ಲಿ ಭಯವಿರುವುದು ಬೇರೆ ಕಾರಣಕ್ಕೆ: ಇಂಥ ಹೆಣ್ಣು ಗಬ್ಬ ನಿಂತರೂ ಒಂದೋ ಎರಡೋ ಮರಿ ಮಾತ್ರ ಕಟ್ಟಿ, ಅವು ಗಾತ್ರದಲ್ಲಿ ದೊಡ್ಡದಾಗಿ ಬೆಳೆದು, ಹೆರಿಗೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಆದ್ದರಿಂದ ಅದನ್ನು ಮರಿಗಾಗಿ ಬಳಸಬೇಡಿ ಎಂದು ಕೈಮುಗಿದು ಹೇಳುತ್ತೇನೆ. ತೂಕ ಇಳಿಸಲು ಪೆಲೆಟ್ಟನ್ನು (ಗುಳಿಗೆಯಂತೆ ಒತ್ತಿ ಮಾಡಿದ ಆಹಾರವನ್ನು) ಸ್ವಲ್ಪಸ್ವಲ್ಪವಾಗಿ ತಗ್ಗಿಸಿ ಒಣಹುಲ್ಲನ್ನು ಹೆಚ್ಚಿಸಿರಿ; ಕೊಬ್ಬಿದ ಮೊಲವನ್ನು ಒಮ್ಮೆಲೇ ಉಪವಾಸ ಕೆಡವಿದರೆ ಯಕೃತ್ತು ಕೆಟ್ಟು ಪ್ರಾಣಕ್ಕೇ ಕುತ್ತಾಗುತ್ತದೆ.

ರಾಯಚೂರಿನಿಂದ ಉತ್ತರ:

ಇಬ್ಬರೂ ಹೇಳದ ಒಂದು ಸಂಗತಿಯಿದೆ. ಮೂರು ನಾಲ್ಕು ವರ್ಷ ದಾಟಿದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯವಾದ ಕಾಯಿಲೆ, ಮತ್ತು ಅದರ ಮೊದಲ ಸುಳಿವು ಅನೇಕ ಸಲ ಸಂತಾನದಲ್ಲಿಯೇ ಕಾಣಿಸುತ್ತದೆ: ಮರಿಗಳ ಸಂಖ್ಯೆ ಇಳಿಯುವುದು, ಸತ್ತ ಮರಿ ಹುಟ್ಟುವುದು, ಕಟ್ಟಿದ ಗಬ್ಬ ಒಳಗೇ ಕರಗಿಹೋಗುವುದು. ಮೂತ್ರದಲ್ಲಿ ರಕ್ತ ಕಂಡರಂತೂ ಕೂಡಿಸುವ ಯೋಚನೆಯನ್ನೇ ಬಿಟ್ಟು ಪಶುವೈದ್ಯರಲ್ಲಿಗೆ ಹೋಗಿರಿ. ಕೆಲವು ಸೊಪ್ಪು ತಿಂದಾಗಲೂ ಮೊಲದ ಮೂತ್ರ ಕೆಂಪಾಗುವುದುಂಟು, ಹಾಗಾಗಿ ಬಣ್ಣ ನೋಡಿಯೇ ಎದೆಗುಂದಬೇಕಿಲ್ಲ. ಪರೀಕ್ಷೆ ಮಾಡಿಸಿದರೆ ಸ್ಪಷ್ಟವಾಗುತ್ತದೆ. ರೋಗ ಶ್ವಾಸಕೋಶಕ್ಕೆ ಹರಡುವ ಮೊದಲು ಗರ್ಭಕೋಶವನ್ನು ತೆಗೆಸಿದರೆ ಮೊಲ ಉಳಿಯುತ್ತದೆ, ಆದರೆ ಮೊಲದ ಶಸ್ತ್ರಚಿಕಿತ್ಸೆಯಲ್ಲಿ ಕೈಪಳಗಿದ ವೈದ್ಯರನ್ನೇ ಹುಡುಕಬೇಕು. ಗಂಡಿನ ಮತ್ತು ಹೆಣ್ಣಿನ ಜನನಾಂಗದ ಸುತ್ತ ಹುಣ್ಣು, ಹಕ್ಕಳೆ ಇವೆಯೇ ಎಂಬುದನ್ನೂ ನೋಡಿಸಿ; ಕೂಡುವಾಗ ಹರಡುವ ಸೋಂಕೊಂದು ಹೀಗೆ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಪೆನಿಸಿಲಿನ್ ಚುಚ್ಚುಮದ್ದಿದೆ, ಆದರೆ ಅದೇ ಔಷಧವನ್ನು ಬಾಯಿಗೆ ಹಾಕಿದರೆ ಮೊಲ ಸಾಯುತ್ತದೆ.

ಅಣ್ಣನವರೇ, ಮೊದಲನೆಯ ಹೆಣ್ಣು ಕೊನೆಯ ಸಲ ಮರಿ ಹಾಕಿದ್ದು ಯಾವಾಗ, ಆಗ ಎಷ್ಟು ಮರಿಗಳಿದ್ದವು, ಸತ್ತವು ಎಷ್ಟು ಎಂಬುದನ್ನು ತಿಳಿಸಿದರೆ, ಅದನ್ನು ಎಳೆಯ ಗಂಡಿನ ಜೊತೆ ಬಿಡಬೇಕೋ ಮೊದಲು ವೈದ್ಯರಿಗೆ ತೋರಿಸಬೇಕೋ ಎಂಬುದನ್ನು ಇನ್ನಷ್ಟು ಖಚಿತವಾಗಿ ಹೇಳಬಹುದು.