ಮೊದಲ ಪುಟದಲ್ಲೇ ‘ಇದೆಲ್ಲ ನಿಜ’ ಅಂತ ಇದ್ದರೆ ಎಷ್ಟು ನಂಬಬೇಕು?

ಕರಡುಪ್ರತಿ (ಪ್ರಶ್ನೆ)

ಡ್ಯಾನ್ ಬ್ರೌನ್ ಅವರ ‘ದ ಡಾ ವಿಂಚಿ ಕೋಡ್’ ಬಂದದ್ದು 2003ರಲ್ಲಿ. ನನ್ನ ಕೈಗೆ ಸಿಕ್ಕಿದ್ದು ಹೋದ ತಿಂಗಳು. ಇಲ್ಲಿ ಇದನ್ನು ಓದಿದವರು ತುಂಬಾ ಜನ ಇದ್ದೀರಿ, ನಿಮ್ಮ ಅನುಭವ ಕೇಳಬೇಕು ಅನಿಸಿದೆ. ಕಥೆಯ ಗುಟ್ಟುಗಳು ಮುಂದೆ ಬರುತ್ತವೆ. ಓದದೇ ಇರುವವರು ಇಲ್ಲಿಗೇ ನಿಲ್ಲಿಸಿಬಿಡಿ.

ನನ್ನದು ಕರಡು ತಿದ್ದುವ ಕೆಲಸ. ಹದಿನಾರು ವರ್ಷದಿಂದ ಅದೇ. ದಿನವಿಡೀ ಸಾಲಿನ ಕೆಳಗೆ ಅಡಿಪಟ್ಟಿ ಇಟ್ಟುಕೊಂಡು ಒಂದೊಂದೇ ಪದ ಓದುತ್ತೇನೆ. ಇಸವಿ ಬಂದರೆ ನಿಲ್ಲುತ್ತೇನೆ. ಹೆಸರು ಬಂದರೆ ನಿಲ್ಲುತ್ತೇನೆ. ಮನೆಗೆ ಬಂದ ಮೇಲೆ ಪುಸ್ತಕ ಮುಟ್ಟುವ ಮನಸ್ಸೇ ಆಗುತ್ತಿರಲಿಲ್ಲ. ಅಂಥವಳು ಇದನ್ನು ಎರಡು ರಾತ್ರಿಯಲ್ಲಿ ಓದಿ ಮುಗಿಸಿದೆ. 105 ಅಧ್ಯಾಯ, ಎಷ್ಟೋ ಅಧ್ಯಾಯಗಳು ಎರಡು ಮೂರೇ ಪುಟ. ಇದೊಂದು ಮುಗಿಸಿ ಮಲಗೋಣ ಅಂದುಕೊಂಡು ಬೆಳಗಿನ ಜಾವ ಮಾಡಿದ್ದೇನೆ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ನೆಲದ ಮೇಲೆ ಸಾಯುವ ಮುದುಕ 13-3-2-21-1-1-8-5 ಅಂತ ಬರೆದಿಡುತ್ತಾನಲ್ಲ, ಅದು ಏನೆಂದು ಅವನ ಮೊಮ್ಮಗಳು ಸೋಫಿ ಹೇಳುವ ಜಾಗದಲ್ಲಿ ಎದ್ದು ಹೋಗಿ ಪೆನ್ಸಿಲ್ ತಂದೆ. ಪುಟದ ಅಂಚಿನಲ್ಲಿ ನಾನೇ ಜೋಡಿಸಿ ನೋಡಿದೆ. 1, 1, 2, 3, 5, 8, 13, 21. ಹಿಂದಿನ ಎರಡು ಕೂಡಿದರೆ ಮುಂದಿನದು. ಮೈ ಜುಮ್ ಅಂದಿತು. ಓದುವುದರಲ್ಲಿ ಇಂಥ ಖುಷಿ ಸಿಕ್ಕಿ ಎಷ್ಟೋ ವರ್ಷ ಆಗಿತ್ತು.

ಈಗ ತೊಂದರೆ ಏನಾಯಿತು ಅಂತ ಹೇಳುತ್ತೇನೆ. ಕಥೆ ಶುರುವಾಗುವ ಮೊದಲು ಒಂದು ಪುಟ ಇದೆ, ನೆನಪಿದೆಯಾ? ಪ್ರಯರಿ ಆಫ್ ಸಯನ್ ಅನ್ನೋದು 1099ರಲ್ಲಿ ಹುಟ್ಟಿದ ನಿಜವಾದ ಗುಪ್ತ ಸಂಘ ಅಂತ ಅಲ್ಲಿ ಬರೆದಿದೆ. ನ್ಯೂಟನ್, ವಿಕ್ಟರ್ ಹ್ಯೂಗೊ, ಲಿಯೊನಾರ್ಡೊ ಎಲ್ಲ ಅದರ ಸದಸ್ಯರಂತೆ. ಕಾದಂಬರಿಯಲ್ಲಿ ಬರುವ ಚಿತ್ರ, ಕಟ್ಟಡ, ದಾಖಲೆಗಳ ವಿವರ ಎಲ್ಲ ಸರಿಯಾಗಿದೆ ಅಂತಲೂ ಇದೆ. ನಾನು ನಂಬಿದೆ. ಒಂಬತ್ತನೇ ತರಗತಿ ಓದುವ ಮಗಳಿಗೆ ಊಟಕ್ಕೆ ಕೂತಾಗ ಎಲ್ಲ ಹೇಳಿದೆ. ಅವಳು ಲಿಯೊನಾರ್ಡೊ ಬಗ್ಗೆ ಶಾಲೆಗೆ ಬರೆಯಬೇಕಿದ್ದ ಪ್ರಬಂಧದಲ್ಲಿ ‘ಇವರು ಒಂದು ಗುಪ್ತ ಸಂಘದ ಮುಖ್ಯಸ್ಥರಾಗಿದ್ದರು’ ಅಂತ ಸೇರಿಸಿದಳು. ಟೀಚರ್ ಆ ಸಾಲಿನ ಸುತ್ತ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ಯಾರು ಹೇಳಿದ್ದು?’ ಅಂತ ಬರೆದು ಕಳಿಸಿದ್ದಾರೆ. ಮಗಳು ಅದನ್ನು ತಂದು ನನ್ನ ಮುಂದೆ ಇಟ್ಟಳು, ಒಂದೂ ಮಾತಾಡಲಿಲ್ಲ. ದಿನಾ ಬೇರೆಯವರ ತಪ್ಪು ಹುಡುಕುವವಳಿಗೆ ಆ ಕೆಂಪು ಗೆರೆ ತುಂಬಾ ಚುಚ್ಚಿತು.

ಆಮೇಲೆ ಪುಸ್ತಕವನ್ನು ಮತ್ತೆ ತೆಗೆದು ಅಧ್ಯಾಯಗಳ ಕೊನೆಯ ಸಾಲು ಮಾತ್ರ ಓದಿಕೊಂಡು ಹೋದೆ. ಯಾರೋ ಏನನ್ನೋ ನೋಡುತ್ತಾರೆ, ಏನು ಅಂತ ನಮಗೆ ಹೇಳುವುದಿಲ್ಲ. ಬಾಗಿಲು ತೆರೆಯುತ್ತದೆ, ಒಳಗೆ ಯಾರಿದ್ದಾರೆ ಅಂತ ತೋರಿಸುವುದಿಲ್ಲ. ಮುಂದಿನ ಅಧ್ಯಾಯ ಬೇರೆ ಕಡೆ ಶುರು. ಹೀಗೆ ಓಡಿಸಿಕೊಂಡು ಹೋಗುವಾಗ ಇಸವಿ ಬಂದರೂ ನಾನು ನಿಲ್ಲಲಿಲ್ಲ, ಹೆಸರು ಬಂದರೂ ನಿಲ್ಲಲಿಲ್ಲ. ನನ್ನ ಪ್ರಶ್ನೆ ಇಷ್ಟೇ. ಇದರಲ್ಲಿ ಯಾವುದು ನಿಜ, ಯಾವುದು ಕಟ್ಟಿದ್ದು? ಗೊತ್ತಾದ ಮೇಲೂ ನಿಮಗೆ ಈ ಪುಸ್ತಕ ಇಷ್ಟವಾಗಿಯೇ ಉಳಿಯಿತಾ?

ಗೋಡೆಚಿತ್ರ

ಮೇಡಂ, ಹಳೆಯ ಚಿತ್ರಗಳನ್ನು ಶುಚಿ ಮಾಡಿ ಉಳಿಸುವುದು ನನ್ನ ಕೆಲಸ. ಅದಕ್ಕೇ ಕಾದಂಬರಿಯಲ್ಲಿ ಬರುವ, ಯೇಸು ಶಿಷ್ಯರ ಜೊತೆ ಊಟಕ್ಕೆ ಕೂತಿರುವ ‘ಕೊನೆಯ ಭೋಜನ’ ಚಿತ್ರದ ಬಗ್ಗೆ ಮಾತ್ರ ಹೇಳುತ್ತೇನೆ, ಅದನ್ನು ಬಿಟ್ಟು ಬೇರೆಯದಕ್ಕೆ ಕೈ ಹಾಕುವುದಿಲ್ಲ.

ಅದು ಮಿಲಾನ್‌ನ ಸಾಂತಾ ಮರಿಯಾ ದೆಲ್ಲೆ ಗ್ರಾತ್ಸಿಯೆ ಮಠದ ಊಟದ ಕೋಣೆಯ ಗೋಡೆ ಮೇಲಿದೆ. ಲಿಯೊನಾರ್ಡೊ ಅದನ್ನು ಬರೆದದ್ದು ಸುಮಾರು 1495ರಿಂದ 1498ರ ನಡುವೆ. ಸಾಮಾನ್ಯವಾಗಿ ಗೋಡೆ ಚಿತ್ರವನ್ನು ಗಾರೆ ಹಸಿ ಇರುವಾಗಲೇ ಬರೆಯುತ್ತಾರೆ, ಬಣ್ಣ ಗಾರೆಯೊಳಗೆ ಕೂತುಬಿಡುತ್ತದೆ. ಆದರೆ ಹಸಿ ಗಾರೆ ಕಾಯುವುದಿಲ್ಲ, ಬೇಗ ಬೇಗ ಬರೆಯಬೇಕು. ಲಿಯೊನಾರ್ಡೊಗೆ ನಿಧಾನವಾಗಿ, ತಿದ್ದಿ ತಿದ್ದಿ ಬರೆಯುವ ಅಭ್ಯಾಸ. ಅದಕ್ಕೆ ಒಣಗಿದ ಗೋಡೆ ಮೇಲೆ ಬರೆದರು. ಅವರು ಬದುಕಿರುವಾಗಲೇ ಬಣ್ಣ ಹಕ್ಕಳೆ ಏಳಲು ಶುರುವಾಯಿತು. 1652ರಲ್ಲಿ ಆ ಗೋಡೆಯಲ್ಲೇ ಬಾಗಿಲು ಕೊರೆದರು, ಯೇಸುವಿನ ಪಾದ ಹೋಯಿತು. 1943ರಲ್ಲಿ ಬಾಂಬ್ ಬಿದ್ದು ಕೋಣೆಯ ಚಾವಣಿ ಕುಸಿಯಿತು, ಮರಳು ಮೂಟೆ ಒಟ್ಟಿದ್ದರಿಂದ ಚಿತ್ರ ಉಳಿಯಿತು. ಕೊನೆಯ ದುರಸ್ತಿ 1978ರಿಂದ 1999ರವರೆಗೆ ನಡೆಯಿತು. ಇಪ್ಪತ್ತೊಂದು ವರ್ಷ! ನಾವು ಈ ಕೆಲಸಕ್ಕೆ ಭೂತಗನ್ನಡಿ ಹಾಕಿಕೊಂಡು ಕೂತರೆ ಒಂದು ದಿನಕ್ಕೆ ಅಂಗೈಯಗಲ ಮುಗಿಯುವುದೂ ಕಷ್ಟ. ಅಷ್ಟು ಸವೆದ ಮುಖವೊಂದನ್ನು ತೋರಿಸಿ ಕಾದಂಬರಿಯಲ್ಲಿ ‘ನೋಡಿ, ಹೆಂಗಸು’ ಅಂತ ಅಷ್ಟು ಸುಲಭವಾಗಿ ಹೇಳಿದಾಗ ನನಗೆ ಕಸಿವಿಸಿಯಾಯಿತು.

ಯೇಸುವಿನ ಬಲಕ್ಕೆ ಕೂತಿರುವುದು ಕಾದಂಬರಿ ಹೇಳುವ ಹಾಗೆ ಯೇಸುವಿನ ಶಿಷ್ಯೆ ಮೇರಿ ಮಗ್ದಲೀನ್ ಅಲ್ಲ, ಯೋಹಾನ. ಶಿಷ್ಯರಲ್ಲೇ ಚಿಕ್ಕವನು. ಅವನನ್ನು ಮೀಸೆ ಗಡ್ಡ ಇಲ್ಲದ, ಉದ್ದ ಕೂದಲಿನ ಹುಡುಗನಾಗಿ ಬರೆಯುವುದು ಆ ಕಾಲದ ಚಿತ್ರಕಾರರ ರೂಢಿ. ಇನ್ನು ಯಾರದೂ ಅಲ್ಲದ ಚಾಕು ಹಿಡಿದ ಕೈ ಅಂತ ಬರುತ್ತದಲ್ಲ, ಅದು ಇನ್ನೊಬ್ಬ ಶಿಷ್ಯ ಪೇತ್ರನ ಕೈ. ಮಣಿಕಟ್ಟು ಹಿಂದಕ್ಕೆ ತಿರುಗಿರುವುದರಿಂದ ವಿಚಿತ್ರವಾಗಿ ಕಾಣುತ್ತದೆ, ಅಷ್ಟೇ. ಆ ತೋಳು ಹೇಗೆ ತಿರುಗಬೇಕು ಅಂತ ಲಿಯೊನಾರ್ಡೊ ಬೇರೆ ಹಾಳೆಯಲ್ಲಿ ಬರೆದು ನೋಡಿದ ಅಭ್ಯಾಸ ಚಿತ್ರ ಈಗಲೂ ಇದೆ. ನನಗೆ ಗುಪ್ತ ಸಂಘಕ್ಕಿಂತ ಆ ಹಾಳೆಯೇ ಜಾಸ್ತಿ ರೋಮಾಂಚನ ಕೊಡುತ್ತದೆ. ಒಂದು ಮಣಿಕಟ್ಟಿಗೆ ಅಷ್ಟು ಯೋಚನೆ ಮಾಡಿದ ಮನುಷ್ಯ ಅದು.

ಮಗಳಿಗೆ ಆ ಹಾಳೆಯನ್ನು ತೋರಿಸಿ. ಪ್ರಬಂಧಕ್ಕೆ ಅದೇ ಸಾಕು.

ರಾತ್ರಿರೈಲು

ನಾನು ಈ ಪುಸ್ತಕದ ಪರ. ರೈಲಿನಲ್ಲಿ ಶುರು ಮಾಡಿ, ಇಳಿಯಬೇಕಾದ ಸ್ಟೇಷನ್ ದಾಟಿ ಹೋಗಿದ್ದೆ. ಕಾದಂಬರಿ ಓದುಗರನ್ನು ಹಿಡಿದು ಕೂರಿಸಬೇಕು, ಇದು ಕೂರಿಸಿತು. ಫಿಬೊನಾಚಿ ಅಂಕಿಗಳನ್ನು ನೀವು ಅಂಚಿನಲ್ಲಿ ಬರೆದು ನೋಡಿದಿರಲ್ಲ, ಎಷ್ಟು ಗಣಿತ ಪುಸ್ತಕ ನಿಮ್ಮಿಂದ ಅದನ್ನು ಮಾಡಿಸಿತ್ತು ಹೇಳಿ?

ಒಂದು ಸಂಗತಿ ಹೇಳುತ್ತೇನೆ, ಮಗಳಿಗೂ ಹೇಳಬಹುದು. ಇದು ಪಕ್ಕಾ ನಿಜ. 1982ರಲ್ಲಿ ಇದೇ ವಿಷಯದ ಮೇಲೆ ಬಂದ ಒಂದು ಪುಸ್ತಕದ ಇಬ್ಬರು ಲೇಖಕರು, ನಮ್ಮ ಪುಸ್ತಕದಿಂದ ಕದ್ದಿದ್ದಾರೆ ಅಂತ 2006ರಲ್ಲಿ ಲಂಡನ್ ಹೈಕೋರ್ಟಿಗೆ ಹೋದರು. ಕೇಸು ಸೋತರು. ತೀರ್ಪು ಕೊಟ್ಟ ನ್ಯಾಯಾಧೀಶ ಪೀಟರ್ ಸ್ಮಿತ್ ಆ ತೀರ್ಪಿನೊಳಗೇ ಒಂದು ಗುಪ್ತ ಸಂದೇಶ ಇಟ್ಟಿದ್ದರು. ಅಲ್ಲಲ್ಲಿ ಒಂದೊಂದು ಅಕ್ಷರ ಓರೆಯಾಗಿ ಅಚ್ಚಾಗಿತ್ತು. ಮೊದಲ ಕೆಲವು ಅಕ್ಷರ ಕೂಡಿಸಿದರೆ ‘ಸ್ಮಿದಿ ಕೋಡ್’. ಉಳಿದದ್ದನ್ನು ಬಿಡಿಸಲು ಬೇಕಾದದ್ದು ಅದೇ ಫಿಬೊನಾಚಿ ಸರಣಿ! ಕರಡು ತಿದ್ದುವವರು ನೋಡಿದ್ದರೆ ಓರೆ ಅಕ್ಷರಗಳನ್ನೆಲ್ಲ ನೆಟ್ಟಗೆ ಮಾಡಿಬಿಡುತ್ತಿದ್ದರು ಅಲ್ವಾ?

ಸತ್ಯ ಸುಳ್ಳು ಅಂತ ತುಂಬಾ ತಲೆ ಕೆಡಿಸಿಕೊಳ್ಳಬೇಡಿ. ಕಥೆ ಕಥೆಯೇ.

ತಮ್ಮನಅಕ್ಕ

ರಾತ್ರಿರೈಲು ಅವರೇ, ಕಥೆ ಕಥೆಯೇ ಅನ್ನುವುದು ಎಲ್ಲರಿಗೂ ಅಷ್ಟು ಸುಲಭವಲ್ಲ. ನನ್ನ ತಮ್ಮನಿಗೆ ಆಲ್ಬಿನಿಸಂ ಇದೆ. ಹುಟ್ಟಿನಿಂದ ಚರ್ಮ, ಕೂದಲು ಬಿಳಿ. ಈ ಕಾದಂಬರಿಯಲ್ಲಿ ಕೊಲೆಗಾರ ಸೈಲಸ್‌ನೂ ಹಾಗೇ ಇದ್ದಾನೆ.

ಸೈಲಸ್ ರಾತ್ರಿ ಕಾರು ಓಡಿಸುತ್ತಾನೆ. ಮಂದ ಬೆಳಕಿನಲ್ಲಿ ಗುರಿಯಿಟ್ಟು ಗುಂಡು ಹೊಡೆಯುತ್ತಾನೆ. ಆಲ್ಬಿನಿಸಂ ಇರುವವರಲ್ಲಿ ಬಹಳ ಜನಕ್ಕೆ ದೃಷ್ಟಿ ತುಂಬಾ ಕಡಿಮೆ. ಕಣ್ಣಿನೊಳಗೆ ಸೂಕ್ಷ್ಮವಾಗಿ ನೋಡುವ ಭಾಗ ಪೂರ್ತಿ ಬೆಳೆದಿರುವುದಿಲ್ಲ, ಅದಕ್ಕೆ ಕನ್ನಡಕ ಹಾಕಿದರೂ ಪೂರ್ತಿ ಸರಿ ಹೋಗುವುದಿಲ್ಲ. ಕಣ್ಣುಗುಡ್ಡೆ ತಾನಾಗೇ ಅತ್ತಿತ್ತ ಆಡುತ್ತಿರುತ್ತದೆ. ನನ್ನ ತಮ್ಮ ಓದುವಾಗ ಪುಸ್ತಕವನ್ನು ಮೂಗಿನಿಂದ ನಾಲ್ಕು ಬೆರಳು ದೂರಕ್ಕೆ ತರುತ್ತಾನೆ. ಆಮೇಲೆ ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸುತ್ತಾನೆ. ಆ ಒಂದು ಕೋನದಲ್ಲಿ ಮಾತ್ರ ಕಣ್ಣಿನ ಆಟ ಕಡಿಮೆಯಾಗುತ್ತದೆ, ಅಕ್ಷರ ನಿಲ್ಲುತ್ತದೆ. ಚಿಕ್ಕವನಿದ್ದಾಗ ತಾನೇ ಕಂಡುಕೊಂಡದ್ದು ಅದು, ಯಾರೂ ಹೇಳಿಕೊಟ್ಟಿದ್ದಲ್ಲ.

ಕಾಲೇಜಿನಲ್ಲಿ ಅವನಿಗೆ ‘ಸೈಲಸ್’ ಅಂತ ಹೆಸರಿಟ್ಟಿದ್ದರು. ಅವನು ಪುಸ್ತಕ ಓದಿದ್ದೇ ಆ ಹೆಸರು ಎಲ್ಲಿಂದ ಬಂತು ಅಂತ ತಿಳಿದುಕೊಳ್ಳಲು. ಭೂತಗನ್ನಡಿ ಹಿಡಿದು ಮೂರು ವಾರ ಓದಿದ. ಒಗಟುಗಳು ತುಂಬಾ ಇಷ್ಟವಾದವು ಅಂದ. ಸೈಲಸ್ ಬರುವ ಅಧ್ಯಾಯಗಳನ್ನು ಮಾತ್ರ ಬಿಟ್ಟು ಬಿಟ್ಟು ಓದಿದೆ ಅಂದ.

ಮೇಡಂ, ನಿಮ್ಮ ಮಗಳಿಗೆ ಇದನ್ನೂ ಹೇಳಿ. ಅಷ್ಟೇ ನಾನು ಕೇಳಿಕೊಳ್ಳುವುದು.

ರಾತ್ರಿರೈಲು

ಅಕ್ಕಾ, ಎರಡು ಸಲ ಓದಿದವನು ನಾನು. ಸೈಲಸ್ ಬಗ್ಗೆ ಒಂದು ಸಲವೂ ಹೀಗೆ ಯೋಚಿಸಿರಲಿಲ್ಲ. ‘ತಲೆ ಕೆಡಿಸಿಕೊಳ್ಳಬೇಡಿ’ ಅಂದದ್ದು ತಪ್ಪಾಯಿತು. ನಿಮ್ಮ ತಮ್ಮನಿಗೆ ಒಗಟುಗಳಲ್ಲಿ ಯಾವುದು ಇಷ್ಟವಾಯಿತು ಅಂತ ಕೇಳಿ ಹೇಳುತ್ತೀರಾ?

ದಾಖಲೆಪೆಟ್ಟಿಗೆ

ಪ್ರಶ್ನೆಯ ಮುಖ್ಯ ಭಾಗಕ್ಕೆ ಯಾರೂ ಬರಲಿಲ್ಲ, ನಾನು ಪ್ರಯತ್ನ ಮಾಡುತ್ತೇನೆ.

1099 ಕ್ರುಸೇಡಿನ (ಯುರೋಪಿನ ಕ್ರೈಸ್ತರ ಧರ್ಮಯುದ್ಧದ) ಸೈನ್ಯ ಜೆರುಸಲೇಮನ್ನು ಹಿಡಿದ ವರ್ಷ, ಅದು ಚರಿತ್ರೆ. ಆದರೆ ಪ್ರಯರಿ ಆಫ್ ಸಯನ್ ಹುಟ್ಟಿದ್ದು 1956ರಲ್ಲಿ. ಫ್ರಾನ್ಸಿನಲ್ಲಿ ಪಿಯರ್ ಪ್ಲಾಂಟಾರ್ ಅನ್ನುವವರು ಕೆಲವು ಸ್ನೇಹಿತರ ಜೊತೆ ಸೇರಿ, ನಾವು ಯಾವುದಾದರೂ ಸಂಘ ನೋಂದಾಯಿಸುವ ಹಾಗೆ, ಸರ್ಕಾರಿ ಕಚೇರಿಯಲ್ಲಿ ನೋಂದಾಯಿಸಿದ ಸಂಘ ಅದು. ಸಯನ್ ಅನ್ನುವುದು ಅವರ ಊರಿನ ಹತ್ತಿರದ ಒಂದು ಗುಡ್ಡದ ಹೆಸರು. ನ್ಯೂಟನ್, ಲಿಯೊನಾರ್ಡೊ ಹೆಸರುಗಳಿರುವ ಪಟ್ಟಿ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಇರುವುದೂ ನಿಜವೇ. ಆದರೆ 1960ರ ದಶಕದಲ್ಲಿ ಅದನ್ನು ಅಲ್ಲಿಗೆ ಸೇರಿಸಿದ್ದು ಪ್ಲಾಂಟಾರ್ ಕಡೆಯವರೇ. ಗ್ರಂಥಾಲಯದ ಮುದ್ರೆ ಇದೆ ಅಂದ ಮಾತ್ರಕ್ಕೆ ಒಳಗಿರುವುದು ನಿಜ ಅಂತ ಆಗುವುದಿಲ್ಲವಲ್ಲ. ದಾಖಲೆ ವಿಭಾಗದಲ್ಲಿ ಕೆಲಸ ಮಾಡುವ ನನಗೆ ಇದು ದಿನಾ ಎದುರಾಗುತ್ತದೆ. ‘ನಿಮ್ಮ ಕಪಾಟಿನಲ್ಲೇ ಇತ್ತಲ್ಲ ಸರ್’ ಅನ್ನುತ್ತಾರೆ. ಕಪಾಟಿಗೆ ಯಾರು ತಂದಿಟ್ಟರು ಅಂತ ಮೊದಲು ನೋಡಬೇಕು.

ಬೇರೆಯವನ್ನು ಬೇಗ ಹೇಳಿಬಿಡುತ್ತೇನೆ. ಕಾದಂಬರಿಯಲ್ಲಿ ಸೈಲಸ್ ಸನ್ಯಾಸಿಯಾಗಿರುವ ಓಪಸ್ ಡೇ ನಿಜವಾದ ಕ್ಯಾಥೊಲಿಕ್ ಸಂಸ್ಥೆ, 1928ರಲ್ಲಿ ಸ್ಪೇನಿನಲ್ಲಿ ಶುರುವಾದದ್ದು, ಆದರೆ ಅದರಲ್ಲಿ ಸನ್ಯಾಸಿಗಳೇ ಇಲ್ಲ. ಲೂವ್ರ್‌ನ ಗಾಜಿನ ಪಿರಮಿಡ್ಡಿನಲ್ಲಿ ಕಾದಂಬರಿ ಹೇಳುವ ಹಾಗೆ 666 ಗಾಜು ಇಲ್ಲ, ಮ್ಯೂಸಿಯಂ ಲೆಕ್ಕದಲ್ಲಿ 673. ಕಾದಂಬರಿಯಲ್ಲಿ ಬರುವ, ಪ್ಯಾರಿಸ್ಸಿನ ಸಾಂ ಸುಲ್ಪೀಸ್ ಚರ್ಚಿನ ನೆಲದ ಹಿತ್ತಾಳೆ ಗೆರೆ ನಿಜವಾಗಿಯೂ ಇದೆ, ತುಂಬಾ ಚೆನ್ನಾಗಿದೆ. ಮೇಲಿನ ಕಿಟಕಿಯ ಸಣ್ಣ ತೂತಿನಿಂದ ಬಿಸಿಲು ಬಿದ್ದು, ವರ್ಷದ ದಿನಗಳಿಗೆ ತಕ್ಕಂತೆ ಆ ಗೆರೆಯ ಮೇಲೆ ಸರಿಯುತ್ತದೆ. ಈಸ್ಟರ್ ಹಬ್ಬದ ಲೆಕ್ಕಕ್ಕಾಗಿ 18ನೇ ಶತಮಾನದಲ್ಲಿ ಮಾಡಿದ್ದು. ಕಾದಂಬರಿ ಓದಿ ಬಂದವರ ಪ್ರಶ್ನೆ ಜಾಸ್ತಿಯಾಗಿ, ಇಲ್ಲಿ ಹಿಂದೆ ಬೇರೆ ದೇವರ ಗುಡಿ ಇರಲಿಲ್ಲ ಅಂತ ಚರ್ಚಿನವರು ಚೀಟಿಯನ್ನೇ ಅಂಟಿಸಬೇಕಾಯಿತು.

ಲೇಖಕರು ಸುಳ್ಳು ಬರೆದರು ಅಂತ ನನಗೆ ಸಿಟ್ಟಿಲ್ಲ, ಕಾದಂಬರಿಯೊಳಗೆ ಏನು ಬೇಕಾದರೂ ಬರೆಯಲಿ. ನನ್ನ ತಕರಾರು ಆ ಮೊದಲ ಪುಟದ ಮೇಲೆ ಮಾತ್ರ. ಅದು ಕಥೆಯ ಹೊರಗಿದೆ. ಅಲ್ಲಿ ಮಾತಾಡುತ್ತಿರುವುದು ಪಾತ್ರವಲ್ಲ. ನೀವು ನಂಬಿದ್ದು ನಿಮ್ಮ ತಪ್ಪಲ್ಲ ಮೇಡಂ.

ಉಂಬರ್ತೊ ಎಕೊ ಅವರ ‘ಫೂಕೋಸ್ ಪೆಂಡುಲಮ್’ ಸಿಕ್ಕರೆ ಓದಿ, 1988ರದ್ದು. ಅದರಲ್ಲಿ ಪುಸ್ತಕ ಪ್ರಕಾಶನದಲ್ಲಿ ಕೆಲಸ ಮಾಡುವ ಮೂವರು ಇಂಥದ್ದೇ ಹಸ್ತಪ್ರತಿಗಳನ್ನು ಓದಿ ಓದಿ ಸಾಕಾಗಿ, ತಾವೇ ಒಂದು ಪಿತೂರಿ ಕಟ್ಟುತ್ತಾರೆ. ಅದನ್ನು ನಂಬುವವರು ಹುಟ್ಟಿಕೊಳ್ಳುತ್ತಾರೆ. ನಿಧಾನ ಓದಬೇಕಾದ ಪುಸ್ತಕ, ನಿಮ್ಮ ಅಡಿಪಟ್ಟಿಗೆ ಕೆಲಸ ಇದೆ.

ಕರಡುಪ್ರತಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ತಮ್ಮನಅಕ್ಕ ಅವರು ಬರೆದದ್ದನ್ನು ಅವಳೇ ಮತ್ತೊಂದು ಸಲ ಓದಿದಳು. ಆಮೇಲೆ ಪುಸ್ತಕ ಮುಖದ ಹತ್ತಿರ ತಂದು ತಲೆ ವಾಲಿಸಿ ನೋಡಿದಳು. ‘ಹೀಗೆ ಮೂರು ವಾರ ಓದಿದ್ರಾ?’ ಅಂತ ಕೇಳಿದಳು. ಹೂಂ ಅಂದೆ.

ಪೇತ್ರನ ಮಣಿಕಟ್ಟು ನಮ್ಮಿಬ್ಬರಿಗೂ ಹಿಡಿಸಿದೆ. ಅವಳು ಕನ್ನಡಿ ಮುಂದೆ ನಿಂತು, ಕೈ ಸೊಂಟದ ಹತ್ತಿರ ತಂದು, ಪೆನ್ಸಿಲ್ಲನ್ನು ಚಾಕುವಿನ ಹಾಗೆ ಹಿಡಿದು ಹಿಂದಕ್ಕೆ ತಿರುಗಿಸಿದಳು. ಬರುತ್ತದೆ! ಕಷ್ಟ, ಆದರೆ ಬರುತ್ತದೆ. ಪ್ರಬಂಧದಲ್ಲಿ ಆ ಸಾಲು ಹೊಡೆದುಹಾಕಿ ಈ ಕೈಯ ಬಗ್ಗೆ ಬರೆಯುತ್ತಿದ್ದಾಳೆ. ‘ಯಾರು ಹೇಳಿದ್ದು?’ ಅನ್ನುವ ಪ್ರಶ್ನೆಗೆ ಕೆಳಗೆ ಉತ್ತರವನ್ನೂ ಬರೆದಿದ್ದಾಳೆ: ‘ಅಮ್ಮ ಒಂದು ಕಾದಂಬರಿಯಲ್ಲಿ ಓದಿದ್ದರು. ಈಗ ಇಬ್ಬರೂ ಹುಡುಕಿ ನೋಡಿದ್ದೇವೆ.’ ನಾನು ಅದನ್ನು ತಿದ್ದಲಿಲ್ಲ.

ಪುಸ್ತಕ ನನಗೆ ಇನ್ನೂ ಇಷ್ಟವೇ. ಆ ಎರಡು ರಾತ್ರಿ ನನಗೆ ಓದನ್ನು ವಾಪಸ್ ಕೊಟ್ಟವು, ಅದನ್ನು ಮರೆಯಲಾರೆ. ಮೊದಲ ಪುಟದಲ್ಲಿ ಮಾತ್ರ 1099ರ ಪಕ್ಕ ಪೆನ್ಸಿಲ್ಲಿನಲ್ಲಿ ಸಣ್ಣದಾಗಿ 1956 ಅಂತ ಬರೆದಿಟ್ಟಿದ್ದೇನೆ. ಮಗಳು ಈಗ ಓದಲು ಶುರು ಮಾಡಿದ್ದಾಳೆ, ನಿನ್ನೆ ರಾತ್ರಿ ಹನ್ನೆರಡನೇ ಅಧ್ಯಾಯದಲ್ಲಿದ್ದಳು. ದೀಪ ಆರಿಸು ಅಂದರೆ ‘ಇದೊಂದು’ ಅಂದಳು.

ತಮ್ಮನಅಕ್ಕ ಅವರೇ, ರಾತ್ರಿರೈಲು ಕೇಳಿದ್ದಕ್ಕೆ ನಾನೂ ಕಾಯುತ್ತಿದ್ದೇನೆ. ಯಾವ ಒಗಟು?