ಹಳೆ ಪಿಯಾನೋ: ಎರಡನೇ ಸಲ ಒತ್ತಿದರೆ ಸದ್ದೇ ಇಲ್ಲ

ಬಾಂದ್ರಾ_ಬಾಡಿಗೆ: ಮೂರು ದಿನದಿಂದ ಇದೇ ಗೋಳು. ಮನೆಯಲ್ಲಿ ಹಳೆ ಇಂಗ್ಲಿಷ್ ಅಪ್‌ರೈಟ್ (ತಂತಿಗಳು ನೆಟ್ಟಗೆ ನಿಂತಿರುವ) ಪಿಯಾನೋ ಇದೆ. ನಡುವಿನ ಆರೇಳು ಕೀ ಒಮ್ಮೆ ನುಡಿಯುತ್ತವೆ, ತಕ್ಷಣ ಮತ್ತೆ ಒತ್ತಿದರೆ ಟಪ್ ಅಂತ ಮರದ ಸದ್ದು ಅಷ್ಟೇ. ಎಲ್ಲಾ ಮಾಡಿ ನೋಡಿದೆ. ಯಾರಾದರೂ ದಾರಿ ಹೇಳಿ ಮಾರಾಯ್ರೆ.

ಮಾಟುಂಗಾ_ಮಾಮ: ಜುಲೈ ಅಲ್ವಾ? ಮುಂಬೈ ಮಳೆಗೆ ಕೀ ಊದಿದೆ. ಕೀ ಎತ್ತಿ ತೆಗೆದು, ಪಿನ್ ಕೂರುವ ತೂತಿನ ಉಣ್ಣೆ ಬಟ್ಟೆಯನ್ನು ಒತ್ತಿ ಸಡಿಲ ಮಾಡಿ. ನೂರಕ್ಕೆ ನೂರು ಅದೇ.

ಬಾಂದ್ರಾ_ಬಾಡಿಗೆ: ಮಾಡಿದೆ. ಹಾಗೇ ಇದೆ.

ಮಾಟುಂಗಾ_ಮಾಮ: ಸರಿಯಾಗಿ ಒತ್ತಿಲ್ಲ. ಇನ್ನೊಮ್ಮೆ ಮಾಡಿ.

ಡೊಂಬಿವಲಿ_ಪೇಟಿ: ಒಳಗೆ 25 ವ್ಯಾಟ್ ಬಲ್ಬ್ ಹಾಕಿಡಿ. ನನ್ನ ಮೂರು ಹಾರ್ಮೋನಿಯಂ ಕಪಾಟಿನಲ್ಲಿ ಹಾಗೇ ಇಟ್ಟಿದ್ದೇನೆ, ಒಂದು ರೀಡೂ ಕೆಟ್ಟಿಲ್ಲ.

ಮಾಟುಂಗಾ_ಮಾಮ: ಬಲ್ಬಾ? ನಾದ ಹೆಚ್ಚಿಸುವ ಹಲಗೆ, ಸೌಂಡ್‌ಬೋರ್ಡ್, ಸೀಳಿಸೋಕಾ? ಪೇಟಿ ಬೇರೆ, ಪಿಯಾನೋ ಬೇರೆ ಸ್ವಾಮಿ.

ಡೊಂಬಿವಲಿ_ಪೇಟಿ: ಮಳೆಗಾಲದಲ್ಲಿ ಮರ ಮರವೇ.

ಮಡಗಾಂವ್_ಸುತ್ತಿಗೆ: ಜಗಳ ಆಮೇಲೆ. ಮೇಲಿನ ಮುಚ್ಚಳ ತೆಗೆದು ಕೀ ಒತ್ತಿ ಬಿಡಿ. ಕೀ ತಾನೇ ಮೇಲೆ ಬಂದು, ತಂತಿಗೆ ಬಡಿಯುವ ಸುತ್ತಿಗೆ ಮಾತ್ರ ತಂತಿ ಹತ್ತಿರವೇ ನಿಂತರೆ ತಪ್ಪು ಕೀಯದ್ದಲ್ಲ. ಸುತ್ತಿಗೆ ವಾಪಸ್ ಬರದೆ ಅದನ್ನು ಕೆಳಗಿಂದ ತಳ್ಳುವ ಜ್ಯಾಕ್ ತನ್ನ ಜಾಗಕ್ಕೆ ಸೇರಲ್ಲ, ಹಾಗಾಗಿ ಎರಡನೇ ಏಟು ಬೀಳಲ್ಲ. ಸುತ್ತಿಗೆಗಳ ಮುಂದೆ ಪಂಜರದ ಹಾಗೆ ತಂತಿ ಸಾಲು ಇದೆಯಾ?

ಬಾಂದ್ರಾ_ಬಾಡಿಗೆ: ಹೂಂ, ಪಂಜರವೇ. ಸುತ್ತಿಗೆ ಬೆಲ್ಲದ ಪಾಕದಲ್ಲಿ ಸಿಕ್ಕ ನೊಣದ ಹಾಗೆ ಬರುತ್ತಿದೆ. ಅಂದಹಾಗೆ, ಜೂನ್‌ನಲ್ಲಿ ಬಾಗಿಲ ತುಕ್ಕಿಗೆ ಹೊಡೆಯುವ ಸ್ಪ್ರೇ ಅಲ್ಲಿಗೂ ಸ್ವಲ್ಪ ಹೊಡೆದಿದ್ದೆ.

ಮಡಗಾಂವ್_ಸುತ್ತಿಗೆ: ಅಯ್ಯೋ, ಇದನ್ನು ಮೊದಲೇ ಹೇಳಬಾರದಿತ್ತಾ! ಸುತ್ತಿಗೆ ಬುಡದಲ್ಲಿ ಸುಮಾರು 1.3 ಮಿ.ಮೀ. ದಪ್ಪದ ಸೆಂಟರ್ ಪಿನ್ ಇದೆ, ಸುತ್ತಿಗೆ ತಿರುಗೋದು ಅದರ ಮೇಲೆ, ಅದರ ಸುತ್ತ ಬಟ್ಟೆ. ಬರೀ ತೇವ ಆಗಿದ್ದರೆ ಒಂದೆರಡು ಹನಿ ಸ್ಪಿರಿಟ್ ಸಾಕಿತ್ತು. ಈಗ ಎಣ್ಣೆ ಕೂತು ಧೂಳು ಹಿಡಿದು ಅಂಟಾಗಿದೆ. ಪಿನ್ ತಳ್ಳಿ ತೆಗೆದು, ಬಟ್ಟೆ ಬದಲಿಸಿ, ಹೊಸ ಪಿನ್ ಹಾಕಬೇಕು. ನಿಮ್ಮದರಲ್ಲಿ ಸದ್ದು ನಿಲ್ಲಿಸುವ ಡ್ಯಾಂಪರ್ ಸುತ್ತಿಗೆಗಿಂತ ಮೇಲಿದೆ, ಅದರ ಪಂಜರದ ತಂತಿ ಸಾಲು ಅಡ್ಡ ಬರುತ್ತೆ. ಬಿಚ್ಚುವ ಮುನ್ನ ಪ್ರತಿ ಸುತ್ತಿಗೆಗೂ ಪೆನ್ಸಿಲ್‌ನಲ್ಲಿ ನಂಬರ್ ಬರೆಯಿರಿ. ಸುತ್ತಿಗೆಯನ್ನು ಹಿಂದಕ್ಕೆ ಎಳೆಯುವ ಬ್ರೈಡಲ್ ಪಟ್ಟಿ ಹುಷಾರು, ಹಳೆಯದಾದರೆ ಮುಟ್ಟಿದರೆ ಹರಿಯುತ್ತೆ.

ಮಾಟುಂಗಾ_ಮಾಮ: ಆದರೂ ಕೀ ಬಟ್ಟೆ ಒಮ್ಮೆ ನೋಡಿ.

ಬಾಂದ್ರಾ_ಬಾಡಿಗೆ: ಒಂದು ಸುತ್ತಿಗೆ ಬಿಚ್ಚಿದೆ. ಪಿನ್ ಹಸಿರು ಹಿಡಿದಿದೆ. ಪಟ್ಟಿ ಹರಿಯಿತು. ಪಕ್ಕದ ಎರಡೂ ಹರಿದವು. ಮುಂಬೈಯಲ್ಲಿ ಈ ಪಟ್ಟಿ ಎಲ್ಲಿ ಸಿಗುತ್ತೆ?

ಡೊಂಬಿವಲಿ_ಪೇಟಿ: ನನ್ನ ಪೇಟಿಗಳ ಫೋಟೋ ಹಾಕಿದ್ದೇನೆ. ಬಲ್ಬ್ ಎಲ್ಲಿದೆ ನೋಡಿ.