ತುರ್ತಾಗಿ ಪದ ಬೇಕು: ಮಾಗಡಿ ಕೆರೆ ಬೋರ್ಡಿಗೆ ‘ವೆಟ್‌ಲ್ಯಾಂಡ್’

ಗದಗದಿಂದ:
ಎಲ್ಲರಿಗೂ ನಮಸ್ಕಾರ. ಮಾಗಡಿ ಕೆರೆ ನೋಡಲು ಬರುವ ಶಾಲೆ ಮಕ್ಕಳಿಗಾಗಿ ಒಂದು ಬೋರ್ಡ್ ಬರೆಸುತ್ತಿದ್ದೇವೆ. ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾರೆ. 2024ರಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆ ಈ ಕೆರೆಯೂ ಜಗತ್ತಿನ ಮುಖ್ಯ ವೆಟ್‌ಲ್ಯಾಂಡ್‌ಗಳ ರಾಮ್ಸಾರ್ ಪಟ್ಟಿಗೆ ಸೇರಿತಲ್ಲ, ಅದನ್ನು ಹೇಳಬೇಕು. ‘ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ’ ಎಂದು ಬರೆದಿದ್ದೆ. ಊರಿನ ರೈತರೊಬ್ಬರು ಓದಿ, ‘ನಮ್ಮ ಕೆರಿ ಯಾವಾಗ ಜವಳು ಹಿಡೀತ್ರಿ?’ ಎಂದರು. ಈ ಕಡೆ ಸವಳು-ಜವಳು ಅಂದರೆ ಕೆಟ್ಟುಹೋದ ಹೊಲ. ಬೇರೆ ಪದ ಇದೆಯೇ?

ಮೈಸೂರಿನಿಂದ:
ಮೊದಲು ಕಾಗುಣಿತ. ಅಂತರ್ + ರಾಷ್ಟ್ರೀಯ. ರೇಫಕ್ಕೆ, ಅಂದರೆ ‘ರ್’ಗೆ, ಇನ್ನೊಂದು ರೇಫ ಪರವಾದರೆ ಮೊದಲನೆಯದು ಲೋಪ, ಹಿಂದಿನ ಸ್ವರ ದೀರ್ಘ. ‘ಅಂತಾರಾಷ್ಟ್ರೀಯ’ ಎಂದೇ ಆಗಬೇಕು. ಇನ್ನು ವೆಟ್‌ಲ್ಯಾಂಡಿಗೆ ‘ಆರ್ದ್ರಭೂಮಿ’ ಇದ್ದೇ ಇದೆ. ಚರ್ಚೆಗೆ ಏನೂ ಉಳಿದಿಲ್ಲ.

ಶಿವಮೊಗ್ಗದಿಂದ:
ಉಳಿದಿದೆ. ಆರ್ದ್ರ ಅಂದರೆ ರೈತರಿಗೆ ಆರಿದ್ರಾ ಮಳೆ ನೆನಪಾಗುತ್ತದೆ, ಕೆರೆ ಅಲ್ಲ. ಕನ್ನಡದಲ್ಲೇ ಪದ ಇರುವಾಗ ಸಂಸ್ಕೃತಕ್ಕೆ ಯಾಕೆ ಓಡಬೇಕು? ರಂಗನತಿಟ್ಟು ನೋಡಿ. ತಿಟ್ಟು ಅಂದರೆ ದಿಬ್ಬ, ನದಿಯ ನಡುಗಡ್ಡೆ. ತಮಿಳಲ್ಲೂ ಅದೇ ‘ತಿಟ್ಟು’. 1940ರಲ್ಲಿ ಅದನ್ನು ಪಕ್ಷಿಧಾಮ ಎಂದು ಸಾರಿದರು. ಹೆಸರಲ್ಲಿ ತಿಟ್ಟು ಇದ್ದೂ ‘ಧಾಮ’ ಅಂಟಿಸಿದರು! ‘ಹಕ್ಕಿತಿಟ್ಟು’ ಅನ್ನಿ, ಸಾಕು.

ಕುಮಟಾದಿಂದ:
ಮಾಗಡಿ ಕೆರೆಯನ್ನು ತಿಟ್ಟು ಅನ್ನುವುದಾದರೆ ನೀರಿಗೆ ಏನನ್ನುತ್ತೀರಿ? ಸ್ವಲ್ಪ ರಾಮ್ಸಾರ್ ಒಪ್ಪಂದ ಓದಿ ಬನ್ನಿ. 1971ರ ಫೆಬ್ರವರಿ 2ರಂದು ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಸಹಿಯಾದದ್ದು. ಅದರ ಪ್ರಕಾರ ನೀರು ನಿಂತಿರಲಿ ಹರಿಯಲಿ, ಸಿಹಿಯಿರಲಿ ಉಪ್ಪಿರಲಿ, ದೇವರು ಮಾಡಿದ್ದಿರಲಿ ಮನುಷ್ಯ ಕಟ್ಟಿದ್ದಿರಲಿ, ಎಲ್ಲವೂ ವೆಟ್‌ಲ್ಯಾಂಡೇ. ಇಳಿತದಲ್ಲಿ 6 ಮೀಟರ್ ಮೀರದ ಕಡಲೂ ಸೇರುತ್ತದೆ. ನಮ್ಮ ಅಘನಾಶಿನಿಯಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳಿವೆ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಗಳು. ಅದಕ್ಕೆ ಜೌಗು ಅಂದರೆ ಇಲ್ಲಿ ನಗುತ್ತಾರೆ. ಇನ್ನೊಂದು ತಮಾಷೆ. ನಮ್ಮದೇ ದೇಶದ 2017ರ ವೆಟ್‌ಲ್ಯಾಂಡ್ ನಿಯಮಗಳು ನದಿಪಾತ್ರ, ಭತ್ತದ ಗದ್ದೆ, ನೀರಾವರಿಗೆಂದೇ ಕಟ್ಟಿದ ಕೆರೆ ಇವನ್ನೆಲ್ಲ ವ್ಯಾಖ್ಯೆಯಿಂದ ಹೊರಗಿಟ್ಟಿವೆ. ಇಂಗ್ಲಿಷಿನ ಒಂದೇ ಪದಕ್ಕೆ ಎರಡು ಅಳತೆ. ಅದನ್ನು ಕನ್ನಡದ ಒಂದು ಪದಕ್ಕೆ ಹೇಗೆ ತುಂಬುತ್ತೀರಿ? ಸುಮ್ನೆ ‘ವೆಟ್‌ಲ್ಯಾಂಡ್’ ಅಂತಲೇ ಬರೆಯಿರಿ. ಬಸ್ಸು, ರೈಲು ಬಂದಾಗ ಯಾರೂ ಸತ್ತಿಲ್ಲ.

ಶಿವಮೊಗ್ಗದಿಂದ:
ಬಸ್ಸು ಹೊಸ ವಸ್ತು, ಹೆಸರಿನ ಜೊತೆಗೇ ಬಂತು. ಕೆರೆ ನಾವೇ ಕಟ್ಟಿದ್ದು. ನಮ್ಮ ಕೆರೆಗೆ ಹೊರಗಿನ ಹೆಸರು ಯಾಕೆ? ಗಜನಿಯಾದರೂ ಎಲ್ಲಿಯದು? ಗೋವಾದವರ ‘ಖಾಜನ್’ ಅದೇ ಅಲ್ವಾ?

ಕುಮಟಾದಿಂದ:
ಇರಬಹುದು. ಕಗ್ಗದ ಗಂಜಿ ಉಣ್ಣುವಾಗ ಯಾರೂ ಬೇರು ಕೇಳುವುದಿಲ್ಲ.

ಮೈಸೂರಿನಿಂದ:
ಇಷ್ಟೆಲ್ಲ ಮಾತಾಡಿದಿರಿ, ‘ಅಂತಾರಾಷ್ಟ್ರೀಯ’ದ ಬಗ್ಗೆ ಯಾರೂ ಉತ್ತರಿಸಲಿಲ್ಲ.

ಧಾರವಾಡದಿಂದ:
ಜಗಳ ಆಮೇಲೆ ಮಾಡಿ, ಪಾಪ ಅವರಿಗೆ ನಾಳೆ ಬೋರ್ಡ್ ಆಗಬೇಕು. ಕೆರೆ ಅಂದರೆ ಕೆರೆ. ಅದಕ್ಕೆ ‘ಭೂಮಿ’ ಯಾಕೆ ಬೇಕು? ಪಟ್ಟಿ ಹೆಸರು ಬೇಕಿದ್ದರೆ ‘ರಾಮ್ಸಾರ್ ತಾಣ’ ಅನ್ನಿ. ಆದರೆ ರಾಮ್ಸಾರ್ ಒಂದು ಊರು ಅಂತ ಕೆಳಗೆ ಸಣ್ಣಕ್ಷರದಲ್ಲಿ ಬರೆಯಿರಿ. ಇಲ್ಲದಿದ್ದರೆ ಮಕ್ಕಳು ‘ರಾಮ್ ಸರ್’ ಯಾವ ಶಾಲೆ ಮಾಸ್ತರು ಅಂತ ಕೇಳುತ್ತಾರೆ.

ಗದಗದಿಂದ:
ಎಲ್ಲರಿಗೂ ಧನ್ಯವಾದ. ಹೀಗೆ ಬರೆಸುತ್ತಿದ್ದೇನೆ: ‘ಮಾಗಡಿ ಕೆರೆ, ರಾಮ್ಸಾರ್ ತಾಣ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ಕೆರೆ. ಇರಾನಿನ ರಾಮ್ಸಾರ್ ಊರಲ್ಲಿ ಆದ ಒಪ್ಪಂದದ ಪ್ರಕಾರ ಕಾಪಾಡಿದ್ದು.’ ಜೌಗು, ಆರ್ದ್ರ, ತಿಟ್ಟು ಎಲ್ಲ ಬಿಟ್ಟೆ. ಅಂತಾರಾಷ್ಟ್ರೀಯವೂ ಬಿಟ್ಟುಹೋಯಿತು, ಕ್ಷಮಿಸಿ.

ಶಿವಮೊಗ್ಗದಿಂದ:
‘ತಾಣ’ ಒಳ್ಳೆಯ ಆಯ್ಕೆ. ಕೊನೆಗೂ ಒಂದು ಅಚ್ಚಗನ್ನಡ ಪದ.

ಮೈಸೂರಿನಿಂದ:
‘ತಾಣ’ ‘ಸ್ಥಾನ’ದ ತದ್ಭವ.